ಅವ್ವನ ವರತಿ ಎರಡನೇ ಪುಸ್ತಕಕ್ಕೆ ಹೋದದ್ದು

ಕಣ್ಣಿಂದ ನೋಡದ ಒಂದು ಹೊಳೆಗೆ ನಲವತ್ತು ಚಿತ್ರ ಬರೆದವನು ನಾನು. ಮೂವತ್ತೊಂಬತ್ತಕ್ಕೆ ಯಾರೂ ಚಕಾರ ಎತ್ತಲಿಲ್ಲ. ತಕರಾರು ಬಂದದ್ದು ಒಂದೇ ಒಂದಕ್ಕೆ. ಆ ಒಂದರಲ್ಲಿ ನಮ್ಮ ಅವ್ವ ಇದ್ದಳು.

ಎಪ್ಪತ್ತರ ದಶಕದ ಮಾತು. ನಾನಾಗ ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅದಕ್ಕೆ ಮೊದಲು ಮುದ್ದೇಬಿಹಾಳದಲ್ಲಿ ಎರಡು ವರ್ಷ, ಬಸವನ ಬಾಗೇವಾಡಿಯಲ್ಲಿ ಒಂದು ವರ್ಷ ಕಳೆದಿದ್ದೆ. ಡ್ರಾಯಿಂಗ್ ಮಾಸ್ತರನನ್ನು ಪೂರಾ ಮಾಸ್ತರ ಎಂದು ಆಗ ಯಾರೂ ಒಪ್ಪುತ್ತಿರಲಿಲ್ಲ. ಗಣಿತದವರು ರಜೆ ಹಾಕಿದ ದಿನ ಹುಡುಗರನ್ನು ಗದ್ದಲ ಮಾಡದಂತೆ ಕೂರಿಸುವುದು, ವರ್ಷದ ಗ್ಯಾದರಿಂಗ್ ಬಂತೆಂದರೆ ನಾಟಕದ ಪರದೆ ಬರೆಯುವುದು, ಗೋಡೆಯ ಮೇಲೆ ಭಾರತದ ನಕಾಶೆ ಬರೆಯುವುದು, ಇವು ನನ್ನ ಕೆಲಸ. ನನಗೇನೂ ಬೇಸರವಿರಲಿಲ್ಲ. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಗೆರೆ ಎಳೆಯುವವನು ಇನ್ನೊಬ್ಬನಿಲ್ಲ ಎಂದು ನನಗೆ ಖಾತ್ರಿಯಿತ್ತು. ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ಬಾಗೇವಾಡಿಯ ಸಾಲಿಯ ಗೋಡೆಗೆ ನಾನು ಬರೆದ ಹಕ್ಕಿಗಳನ್ನು ಯಾರೋ ನೋಡಿ ಯಾರಿಗೋ ಹೇಳಿದ್ದರಂತೆ. ದಕ್ಷಿಣದ ಒಂದು ಪಟ್ಟಣದಿಂದ ಪ್ರಕಾಶಕರೊಬ್ಬರ ಪತ್ರ ಬಂತು. ಅವರ ಪಟ್ಟಣದ ನಡುವೆ ಒಂದು ಹೊಳೆ ಹರಿಯುತ್ತದೆ, ಅದರ ಮೇಲೆ ಮಕ್ಕಳಿಗಾಗಿ ಎರಡು ಪುಸ್ತಕ ಬರಲಿವೆ. ಮೊದಲನೆಯದು ಹೊಳೆಯ ದಂಡೆಯ ಬದುಕು, ಎರಡನೆಯದು ಹೊಳೆಯ ದಂಡೆಯ ಚರಿತ್ರೆ. ಬರೆದವರು ಅದೇ ಊರಿನ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಒಂದೊಂದು ಪುಸ್ತಕಕ್ಕೆ ಇಪ್ಪತ್ತು ಚಿತ್ರ ಬೇಕು. ‘ತಾವು ನಮ್ಮ ಊರಿನ ಹೊಳೆಯನ್ನು ನೋಡಿದ್ದೀರಷ್ಟೆ?’ ಎಂದು ಕೊನೆಗೊಂದು ಪ್ರಶ್ನೆ.

ನಾನು ಆ ಹೊಳೆ ಹೋಗಲಿ, ಆ ಊರಿನ ಸ್ಟೇಷನ್ನನ್ನೂ ನೋಡಿರಲಿಲ್ಲ. ಆದರೆ ಭೀಮಾ ದಂಡೆಯ ಮೇಲೆ ಹುಟ್ಟಿ ಬೆಳೆದವನಿಗೆ ಹೊಳೆಯ ಬಗ್ಗೆ ಇನ್ನೊಬ್ಬರು ಏನು ಕಲಿಸಬೇಕು? ಹೊಳೆ ಅಂದರೆ ಹೊಳೆ. ‘ಹೊಳೆಯ ಚಿಂತೆ ತಮಗೆ ಬೇಡ’ ಎಂದು ಅದೇ ದಿನ ಕಾರ್ಡು ಹಾಕಿದೆ. ಸುಳ್ಳೇನೂ ಬರೆಯಲಿಲ್ಲ, ನೋಡಿ.

ಬೇಸಿಗೆ ರಜೆ ಬಿಟ್ಟಕೂಡಲೇ ಡ್ರಾಯಿಂಗ್ ಹಾಳೆಗಳ ಸುರುಳಿ, ಎರಡು ನಿಬ್ಬು, ಒಂದು ಶೀಸೆ ಕಪ್ಪು ಮಸಿ ಕಟ್ಟಿಕೊಂಡು ಇಂಡಿ ತಾಲ್ಲೂಕಿನ ನಮ್ಮೂರಿಗೆ ಹೊರಟೆ. ಝಳಕಿಯಲ್ಲಿ ಬಸ್ಸು ಬದಲಿಸಿ, ಮುಂದೆ ಸಿಕ್ಕ ಚಕ್ಕಡಿ ಹತ್ತಿ ಮನೆ ಮುಟ್ಟಿದಾಗ ಊಟದ ಹೊತ್ತು. ಮರುದಿನದಿಂದಲೇ ಶುರು ಮಾಡಿದೆ. ಆ ಪಟ್ಟಣದ ಸೇತುವೆಗೆ ನಮ್ಮ ಭೀಮಾ ಹೊಳೆಯ ರೈಲಿನ ಸೇತುವೆಯ ಕಾಲುಗಳನ್ನು ಕೊಟ್ಟೆ. ಅವರ ದೋಣಿಯವನಿಗೆ ನಮ್ಮ ಅಂಬಿಗನ ತೋಳು. ಅವರ ರಾಜನ ಅರಮನೆಗೆ ವಿಜಾಪುರದ ಕಮಾನುಗಳು. ರಾಣಿ ಕೂತ ಆನೆಯನ್ನು ಮಾತ್ರ ಸರ್ಕಸ್ಸಿನಲ್ಲಿ ನೋಡಿದ ನೆನಪಿನಿಂದ ಬರೆದೆ, ಅದಕ್ಕೇ ಅದು ಒಂದು ಕಾಲು ಎತ್ತಿ ನಿಂತಿದೆ.

ಮೊದಲ ಪುಸ್ತಕದಲ್ಲಿ ಒಂದು ಪುಟವಿತ್ತು. ‘ಬೆಳಗಾಗುತ್ತಲೇ ಹೆಂಗಸರು ನೀರಿಗೆ ಬರುತ್ತಾರೆ’ ಎಂದು ಒಂದೇ ಸಾಲು. ಅದನ್ನು ಓದಿದಾಗ ನನಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ. ಬೆಳಗಾಗುತ್ತಲೇ ಅವ್ವ ನೀರಿಗೆ ಹೋಗುತ್ತಿದ್ದಳು, ಹೊಳೆಗೇ ಹೋಗುತ್ತಿದ್ದಳು, ವರತಿಗೆ ಹೋಗುತ್ತಿದ್ದಳು.

ವರತಿ ಅಂದರೆ ಹೊಳೆಯ ಉಸುಕಿನಲ್ಲಿ ಕೈಯಿಂದ ತೋಡಿದ ಗುಂಡಿ. ನಮ್ಮಲ್ಲಿ ಹೊಳೆಯ ಹರಿಯುವ ನೀರನ್ನು ಕುಡಿಯಲು ತರುವವರು ಯಾರೂ ಇರಲಿಲ್ಲ. ಅದು ದನಕ್ಕೆ, ಬಟ್ಟೆಗೆ, ಈಜುವ ಹುಡುಗರಿಗೆ. ಕುಡಿಯುವ ನೀರು ಉಸುಕಿನ ಕೆಳಗಿಂದ ಬರಬೇಕು. ಹರಿವಿನಿಂದ ಹತ್ತು ಮಾರು ಈಚೆ ಕೂತು ಮೊಳಕೈ ಮುಳುಗುವಷ್ಟು ತೋಡಿದರೆ ಮೊದಲು ರಾಡಿ ನೀರು ಊರುತ್ತದೆ. ಅದನ್ನು ಚೆಲ್ಲಬೇಕು. ಎರಡನೇ ಸಲದ್ದನ್ನೂ ಚೆಲ್ಲಬೇಕು. ಮೂರನೇ ಸಲ ಬರುವ ನೀರಿನಲ್ಲಿ ತಳದ ಉಸುಕಿನ ಒಂದೊಂದು ಹರಳೂ ಕಾಣುತ್ತದೆ. ಆಮೇಲೆ ತೆಂಗಿನ ಪರಟಿಯಿಂದ ಮೆಲ್ಲಗೆ ಗೋರಿ ಕೊಡ ತುಂಬಬೇಕು. ಅವಸರ ಮಾಡಿದರೆ ಮತ್ತೆ ರಾಡಿ. ತುಂಬಿ ಎದ್ದವರು ಪರಟಿಯನ್ನು ಮನೆಗೆ ಒಯ್ಯುವಂತಿಲ್ಲ, ವರತಿಯ ಪಕ್ಕದಲ್ಲೇ ಬೋರಲು ಹಾಕಿ ಬರಬೇಕು, ಹಾದಿಯಲ್ಲಿ ಹೋಗುವ ಯಾರಿಗಾದರೂ ನೀರಡಿಕೆ ಆಗಬಹುದು ಎಂದು. ದನ ತುಳಿಯದಂತೆ ಮೇಲೊಂದು ಜಾಲಿ ಟೊಂಗೆ. ಇಷ್ಟು ನಮ್ಮೂರ ಹೆಂಗಸರ ಕಾಯಿದೆ. ಅವ್ವ ಇದನ್ನು ಮುರಿದದ್ದನ್ನು ನಾನು ನೋಡಿಲ್ಲ.

ಹಾಳೆ ತೊಡೆಯ ಮೇಲಿಟ್ಟುಕೊಂಡು ನಾನು ಉಸುಕಿನಲ್ಲಿ ಕೂತಾಗ ಅವ್ವ ತೋಡುತ್ತಿದ್ದಳು.

“ಏನ ಮಾಡಾಕತ್ತೀಯೋ ಅಲ್ಲಿ?” ಅಂದಳು.

“ನಿನ್ನ ಚಿತ್ರ ತಗ್ಯಾಕತ್ತೇನಿ. ಪುಸ್ತಕದಾಗ ಬರ್ತೈತಿ. ಅಲುಗಬ್ಯಾಡ.”

ಅವ್ವ ತೋಡುವುದನ್ನು ಬಿಟ್ಟು ಎದ್ದೇ ನಿಂತಳು. “ಪುಸ್ತಕದಾಗ? ಈ ಹರಕ ಸೀರ್‍ಯಾಗ? ತಡಿ, ಹಸರ ಇಳಕಲ್ ಉಟ್ಕೊಂಡ ಬರ್ತೇನಿ.”

“ಇಳಕಲ್ ಉಟ್ಕೊಂಡು ನೀರಿಗೆ ಯಾರು ಬರ್ತಾರವ್ವ?”

“ಪುಸ್ತಕದಾಗ ಬರೂದಾದ್ರ ಬರ್ತಾರ,” ಅಂದಳು. ನಾನು ಸೋಲಲಿಲ್ಲ. ಹರಕು ಸೀರೆಯಲ್ಲೇ ಬರೆದೆ. ಆದರೆ ಹರಿದದ್ದನ್ನು ಬರೆಯಲಿಲ್ಲ. ಅಷ್ಟು ರಾಜಿಗೆ ಅವ್ವ ಒಪ್ಪಿದಳು.

ಬರೆದು ಮುಗಿಸಿದ ಮೇಲೆ ತೋರಿಸಿದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಮನೆಯಲ್ಲಿ ಒಂದು ಟ್ರಂಕು ನನ್ನ ಪುಸ್ತಕಗಳಿದ್ದವು, ಅವುಗಳ ಧೂಳು ಒರೆಸುವುದಷ್ಟೇ ಅವಳಿಗೂ ಅವಕ್ಕೂ ಇದ್ದ ಸಂಬಂಧ. ಚಿತ್ರವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ನೀರಿಗೆ ಬಾಗಿದ ಬೆನ್ನು, ಒಂದು ಕೈಯಲ್ಲಿ ಪರಟಿ, ಇನ್ನೊಂದು ಕೈ ಕೊಡದ ಕಂಠಕ್ಕೆ. “ಖರೇನ ಅಚ್ಚ ಹಾಕ್ತಾರೇನು?” ಅಂದಳು.

“ಹಾಕದಂಗ ಏನು? ನಾ ಬರದೇನಿ,” ಅಂದೆ.

ಹೊತ್ತು ಮಧ್ಯಾಹ್ನಕ್ಕೆ ಬರುವಷ್ಟರಲ್ಲಿ ಓಣಿಗೆಲ್ಲ ಸುದ್ದಿಯಾಯಿತು. ತಾಂಬಾದಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದ ಬಾಜೂ ಮನೆಯ ಕಾಕಿ ನೆಟ್ಟಗೆ ನನ್ನ ಎದುರು ಬಂದು ನಿಂತಳು. “ನಿಮ್ಮ ಅವ್ವಗಿಂತ ಮೊದಲ ನಾ ವರತಿಗೆ ಹೋಗ್ತೇನಿ. ನನ್ನ ಯಾಕ ಬಿಟ್ಟಿ?” ಅಂದಳು. ಅವಳನ್ನು ಮೀನು ಮಾರುವವಳ ಪುಟದಲ್ಲಿ ಹಾಕಿದೆ. ಲಿಂಗವಂತರ ಮನೆಯ ಹೆಣ್ಣುಮಗಳು, ಬುಟ್ಟಿಯಲ್ಲಿ ಏನಿದೆ ಎಂದು ನಾನು ಕೊನೆಯವರೆಗೂ ಬಾಯಿಬಿಡಲಿಲ್ಲ.

ಅಂತೂ ಅವ್ವನಿಗೆ ಮಾತು ಕೊಟ್ಟಾಗಿತ್ತು. ಅವಳು ಆ ಮಾತನ್ನು ಊರಿಗೆಲ್ಲ ಕೊಟ್ಟಾಗಿತ್ತು.

ಜೂನ್ ತಿಂಗಳಲ್ಲಿ ಪ್ರಕಾಶಕರ ಉತ್ತರ ಸಿಂದಗಿಗೆ ಬಂತು, ಜೊತೆಗೆ ತಿರುಗಿ ಬಂದ ಒಂದು ಚಿತ್ರ. ಸೇತುವೆ ಸೊಗಸಾಗಿದೆ, ಅರಮನೆ ಭವ್ಯವಾಗಿದೆ, ಆನೆಯಂತೂ ಎಲ್ಲರಿಗೂ ಹಿಡಿಸಿದೆ. ಮೊದಲ ಪುಸ್ತಕದ ಹದಿನಾಲ್ಕನೇ ಪುಟ ಮಾತ್ರ ಆಗುವುದಿಲ್ಲ. ಪಟ್ಟಣದಲ್ಲಿ ಮರಳು ತೋಡಿ ನೀರು ಕುಡಿಯುವವರು ಯಾರು? ಮಕ್ಕಳು ನಗುತ್ತಾರೆ. ಆ ಹೆಂಗಸನ್ನು ತೆಗೆದು ಒಂದು ಕೊಳಾಯಿಯನ್ನೋ ಮೆಟ್ಟಿಲನ್ನೋ ಹಾಕಿ ಕಳಿಸಬೇಕು.

ನನ್ನ ಪಿತ್ತ ನೆತ್ತಿಗೇರಿತು. ವಿಜಾಪುರದ ಕಮಾನನ್ನು ತಮ್ಮ ಅರಮನೆ ಎಂದು ಕಣ್ಣುಮುಚ್ಚಿ ಒಪ್ಪಿಕೊಂಡ ಜನ ನನ್ನ ಅವ್ವನಲ್ಲಿ ತಪ್ಪು ಹುಡುಕಿದ್ದರು. ಮೂರು ಪುಟ ಉತ್ತರ ಬರೆದೆ. ಹೊಳೆಯ ದಂಡೆಯ ಮೇಲಿದ್ದು ವರತಿ ತೋಡದ ಜನ ಈ ಭೂಮಿಯ ಮೇಲೆ ಇರಲಾರರು, ತಾವು ಬಹುಶಃ ಮನೆಯಿಂದ ಹೊರಗೆ ಬಂದು ನೋಡಿಲ್ಲ ಎಂದೆಲ್ಲ ಬರೆದೆ. ಅದಕ್ಕೆ ಬಂದ ಉತ್ತರ ಒಂದೇ ಸಾಲು: ‘ತಾವೇ ಬಂದು ನೋಡಬಹುದು.’

ಹೋದೆ. ಹೆಡ್‌ಮಾಸ್ತರರಿಗೆ ಹೊಟ್ಟೆನೋವು ಎಂದು ಅರ್ಜಿ ಕೊಟ್ಟು, ಆ ಚಿತ್ರವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಎರಡು ರೈಲು ಬದಲಿಸಿ ಬೆಳಗಿನ ಹೊತ್ತಿಗೆ ಆ ಪಟ್ಟಣ ಮುಟ್ಟಿದೆ. ಯಾರ ಮನೆಗೂ ಹೋಗದೆ ಸೀದಾ ಹೊಳೆಗೆ ಹೋದೆ. ವರತಿ ತೋಡುವ ಒಬ್ಬಳೇ ಒಬ್ಬ ಹೆಂಗಸು ಕಂಡರೂ ಸಾಕು, ಪ್ರಕಾಶಕರನ್ನು ಕೈಹಿಡಿದು ಕರೆತಂದು ತೋರಿಸುತ್ತೇನೆ ಎಂದು ಹಟ.

ದಂಡೆಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಮೇಲೆ ಸ್ನಾನ ಮಾಡುವವರು, ಬಟ್ಟೆ ಒಗೆಯುವವರು, ಹೂ ಮಾರುವವರು. ಹೊಳೆಯ ತುಂಬ ನೀರು. ಮೆಟ್ಟಿಲಿಗೆ ತಾಗಿಯೇ ನೀರು. ಉಸುಕು ಎಂಬುದು ಕಣ್ಣಿಗೆ ಬೀಳಲಿಲ್ಲ. ಆಚೆ ಒಂದು ಮೋರಿ ಊರಿನ ಕೊಳೆಯನ್ನೆಲ್ಲ ತಂದು ಹೊಳೆಗೆ ಸುರಿಯುತ್ತಿತ್ತು. ಹಿಂದಿನ ಬೀದಿಯಲ್ಲಿ ಒಂದು ಕೊಳಾಯಿ, ಅದರ ಮುಂದೆ ಕೊಡಗಳ ಸಾಲು, ಕೊಡಗಳ ಹಿಂದೆ ಜಗಳ. ನಾನು ಬಿಸಿಲು ಏರುವ ತನಕ ಮೆಟ್ಟಿಲ ಮೇಲೆ ಕೂತೆ. ಒಬ್ಬಳೂ ತೋಡಲಿಲ್ಲ. ಪ್ರಕಾಶಕರ ಮಾತು ನಿಜವಾಗಿತ್ತು.

ನನಗೆ ನನ್ನದೇ ತಪ್ಪು ಎಂದು ಒಪ್ಪಿಕೊಳ್ಳುವ ಅಭ್ಯಾಸ ಇರಲಿಲ್ಲ. ಆ ದಿನ ಮಾಡಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಊರಿಗೆ ಹೋಗಿ ಅವ್ವನಿಗೆ ಏನು ಹೇಳಲಿ ಎಂಬುದೇ ಚಿಂತೆಯಾಯಿತು. ಅವಳು ಎಷ್ಟು ಮನೆಗಳಲ್ಲಿ ಹೇಳಿರಬಹುದೆಂದು ಎಣಿಸಿ ಬಿಟ್ಟುಬಿಟ್ಟೆ.

ಪ್ರಕಾಶಕರ ಮುಂದೆ ಮುಖ ತೋರಿಸುವ ಮನಸ್ಸಾಗದೆ, ಪುಸ್ತಕ ಬರೆದ ಹೆಡ್‌ಮಿಸ್ಟ್ರೆಸ್ಸರ ಮನೆ ಹುಡುಕಿಕೊಂಡು ಹೋದೆ. ಎತ್ತರದ, ತೆಳ್ಳಗಿನ ಮುದುಕಿ. ಬಾಗಿಲಲ್ಲೇ ನಿಂತು ಹೇಳಿದೆ: “ನಾನ್ರಿ, ಚಿತ್ರದಾಂವ. ಹದಿನಾಲ್ಕನೇ ಪುಟದ ತಕರಾರಿಗೆ ಬಂದೇನಿ.”

“ಜಗಳಕ್ಕೆ ಬಂದಿದ್ದೀರಾ?” ಅಂದರು.

“ಇಲ್ರಿ. ನಾ ಮಾತಾಡೂದ ಹಿಂಗರಿ.”

ಅವರು ನಕ್ಕು ಒಳಗೆ ಕರೆದರು. ಕಾಫಿ ಕೊಟ್ಟು, ಚಿತ್ರವನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟರು. ಅವರು ಅದನ್ನು ಆಗಲೇ ಮೊದಲ ಸಲ ನೋಡುತ್ತಿದ್ದದ್ದು. ಪ್ರಕಾಶಕರು ಅವರಿಗೆ ತೋರಿಸದೆಯೇ ನನಗೆ ತಿರುಗಿ ಕಳಿಸಿದ್ದರು.

“ಈ ಹೆಂಗಸು ಯಾರು?” ಎಂದು ಕೇಳಿದರು.

“ನಮ್ಮ ಅವ್ವರಿ.”

ಪರಟಿ ಹಿಡಿದ ಕೈಯನ್ನು ಬಾಗಿ ನೋಡಿದರು. “ನಮ್ಮಜ್ಜಿ ಹೇಳ್ತಿದ್ರು,” ಅಂದರು, “ಅವರ ಅಜ್ಜಿಯ ಕಾಲದಲ್ಲಿ ಬೇಸಗೆ ಬಂದರೆ ಇಲ್ಲೂ ಮರಳು ತೋಡಿ ನೀರು ತರ್ತಿದ್ರಂತೆ. ಚಿಪ್ಪಿನಲ್ಲಿ ಗೋರಿ ತುಂಬೋದು ಅಂತಿದ್ರು. ನನಗೆ ಅದು ಹೇಗೆ ಅಂತ ಅರ್ಥವೇ ಆಗಿರಲಿಲ್ಲ. ಇವತ್ತು ಗೊತ್ತಾಯ್ತು.” ಕಾಫಿಯ ಲೋಟವನ್ನು ಅತ್ತ ಸರಿಸಿ, “ಚರಿತ್ರೆಯ ಪುಸ್ತಕದಲ್ಲಿ ರಾಜರನ್ನು ಬರೆದೆ, ಯುದ್ಧ ಬರೆದೆ, ನೆರೆ ಬಂದದ್ದು ಬರೆದೆ. ಇದನ್ನು ಬಿಟ್ಟೇಬಿಟ್ಟೆ,” ಅಂದರು.

ಅಲ್ಲಿಂದ ಕೆಲಸ ಸಲೀಸಾಯಿತು. ಚಿತ್ರವನ್ನು ಮೊದಲ ಪುಸ್ತಕದಿಂದ ತೆಗೆಯುವುದು, ಎರಡನೆಯದಕ್ಕೆ ಹಾಕುವುದು, ಅದಕ್ಕೊಂದು ಸಾಲು ಅವರೇ ಬರೆಯುವುದು. ಮೊದಲ ಪುಸ್ತಕಕ್ಕೆ ನಾನೊಂದು ಕೊಳಾಯಿ ಬರೆದುಕೊಡುವುದು. ಪ್ರಕಾಶಕರೂ ಒಪ್ಪಿದರು, ಹೆಡ್‌ಮಿಸ್ಟ್ರೆಸ್ಸರ ಎದುರು ಅವರು ಮಾತಾಡುವವರಲ್ಲ. ಕೊಳಾಯಿಯನ್ನು ಅಲ್ಲೇ ಮೇಜಿನ ಮೇಲೆ ಕಾಲು ತಾಸಿನಲ್ಲಿ ಬರೆದು ಎಸೆದೆ. ಅದು ನಲವತ್ತೊಂದನೆಯದು, ಎಲ್ಲಕ್ಕಿಂತ ಕೆಟ್ಟ ಚಿತ್ರ, ಇವತ್ತಿಗೂ ಹಾಗೇ ಅನ್ನುತ್ತೇನೆ. ರೈಲಿನಲ್ಲಿ ವಾಪಸು ಬರುವಾಗ ನಾನು ಗೆದ್ದವನ ಹಾಗೆ ಕಾಲು ಚಾಚಿ ಮಲಗಿದೆ. ಮೊದಲನೆಯದಾದರೇನು, ಎರಡನೆಯದಾದರೇನು, ಅವ್ವ ಪುಸ್ತಕದಲ್ಲಿದ್ದಾಳಲ್ಲ!

ಸಂಕ್ರಾಂತಿಗೆ ಮುಂಚೆ ಸಿಂದಗಿಗೆ ಪಾರ್ಸಲ್ಲು ಬಂತು. ನನ್ನ ಪಾಲಿಗೆಂದು ಎರಡೂ ಪುಸ್ತಕದ ಇಪ್ಪತ್ತಿಪ್ಪತ್ತು ಪ್ರತಿ. ಹಗ್ಗ ಬಿಚ್ಚಿ ಎರಡನೆಯದನ್ನು ತೆಗೆದೆ. ಬದುಕಿನ ಪುಸ್ತಕವನ್ನು ನೀಲಿ ಮಸಿಯಲ್ಲಿ ಹಾಕಿದ್ದರು, ಚರಿತ್ರೆಯ ಪುಸ್ತಕವನ್ನು ಕಂದು ಮಸಿಯಲ್ಲಿ. ಹನ್ನೊಂದನೇ ಪುಟದಲ್ಲಿ ಅವ್ವ ಕಂದು ಬಣ್ಣದಲ್ಲಿ ನೀರು ಗೋರುತ್ತಿದ್ದಳು. ಅಚ್ಚಿನ ಬ್ಲಾಕು ಚೆನ್ನಾಗಿ ಬಂದಿದೆಯೇ, ಬೆರಳಿನ ಗೆರೆಗಳು ಒಡೆದಿಲ್ಲವಲ್ಲ, ಇಷ್ಟನ್ನೇ ನೋಡಿದೆ. ಕೆಳಗಿನ ಸಾಲನ್ನು ಓದಲಿಲ್ಲ. ಚಿತ್ರ ಬರೆಯುವವನು ಪುಸ್ತಕ ನೋಡುವುದೇ ಹಾಗೆ. ಅಕ್ಷರಗಳು ಅವನಿಗೆ ಚಿತ್ರದ ಕೆಳಗೆ ಓಡಾಡುವ ಇರುವೆ.

ಮರುದಿನದಿಂದ ನನ್ನ ಮೆರವಣಿಗೆ ಶುರುವಾಯಿತು. ಸಿಂದಗಿಯ ನಮ್ಮ ಸಾಲಿಗೆ ಎರಡೂ ಪುಸ್ತಕದ ಐದೈದು ಪ್ರತಿ ಕೊಟ್ಟೆ. ಬಸ್ಸು ಹಿಡಿದು ಬಾಗೇವಾಡಿಗೆ ಹೋಗಿ ಐದು, ಮುದ್ದೇಬಿಹಾಳಕ್ಕೆ ಹೋಗಿ ಐದು. ಊರಿಗೆ ಹೋಗುವ ಹಾದಿಯಲ್ಲಿ ಇಂಡಿಯಲ್ಲಿ ನಾಲ್ಕು. ಎಲ್ಲ ಕಡೆಯೂ ಹನ್ನೊಂದನೇ ಪುಟ ತೆರೆದು “ಇದು ನಮ್ಮ ಅವ್ವರಿ” ಎಂದು ತೋರಿಸಿಯೇ ಮುಂದಕ್ಕೆ ಹೋಗುತ್ತಿದ್ದೆ. ಉಳಿದದ್ದು ಒಂದೊಂದು ಪ್ರತಿ, ಅದು ಮನೆಗೆ.

ನಮ್ಮಲ್ಲಿ ಸಂಕ್ರಾಂತಿ ಅಂದರೆ ಊರಿಗೆ ಊರೇ ಹೊಳೆಯಲ್ಲಿ. ಸ್ನಾನ ಮಾಡಿ ಉಸುಕಿನ ಮೇಲೆ ಜಮಖಾನೆ ಹಾಸಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚಿ ಕೂರುವುದು. ಅವ್ವ ಆ ದಿನ ಹಸಿರು ಇಳಕಲ್ ಉಟ್ಟಿದ್ದಳು. ಊಟ ಮುಗಿಯುವ ತನಕ ತಡೆದುಕೊಂಡು, ಕೈ ತೊಳೆದು, ಸೆರಗಿನಿಂದ ಎರಡೆರಡು ಸಲ ಒರೆಸಿಕೊಂಡು “ತಾ ಇಲ್ಲೆ” ಅಂದಳು. ಓಣಿಯ ಹೆಂಗಸರೆಲ್ಲ ಸುತ್ತ ಕೂತರು.

ಅವ್ವ ತಾನೇ ಹಾಳೆ ತಿರುವಿದಳು. ಆನೆಯ ಮುಂದೆ ನಿಲ್ಲಲಿಲ್ಲ, ಅರಮನೆಯ ಮುಂದೆ ನಿಲ್ಲಲಿಲ್ಲ. ಹನ್ನೊಂದನೇ ಪುಟ ಬಂತು. “ಇವಳ ನಾ,” ಅಂದಳು, ಬೆರಳಿಟ್ಟು. ಆ ಎರಡು ಶಬ್ದಕ್ಕೆ ನಾನು ಇನ್ನೂ ನಾಲ್ಕು ರೈಲು ಬದಲಿಸಲು ತಯಾರಿದ್ದೆ.

“ಕೆಳಗ ಏನ ಬರದಾರ? ಓದ್ರಿ,” ಅಂದಳು ಕಾಕಿ. ನಾನು ಬಾಯಿ ತೆರೆಯುವುದರೊಳಗೆ ಐದನೇ ಇಯತ್ತೆಯಲ್ಲಿದ್ದ ಕಾಕಿಯ ಮೊಮ್ಮಗಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಸಾಲಿಯಲ್ಲಿ ಓದುವ ಹಾಗೆಯೇ ದೊಡ್ಡ ದನಿಯಲ್ಲಿ, ಒಂದೊಂದು ಪದ ಬಿಡಿಸಿ ಓದಿದಳು:

“ನೂರಾರು ವರ್ಷಗಳ ಹಿಂದೆ, ಕೊಳಾಯಿಗಳು ಇಲ್ಲದ ಕಾಲದಲ್ಲಿ, ಜನರು ಹೀಗೆ ಮರಳು ತೋಡಿ ನೀರು ತುಂಬಿಕೊಳ್ಳುತ್ತಿದ್ದರು. ಈಗ ಇದೆಲ್ಲ ಕೇಳಿ ತಿಳಿಯಬೇಕಾದ ಕಥೆ.”

ಅಲ್ಲೇ ಐದು ಮಾರು ಆಚೆ ಅವ್ವನ ವರತಿ ಇತ್ತು. ಅದರ ಪಕ್ಕ ಪರಟಿ ಬೋರಲು ಬಿದ್ದಿತ್ತು.

“ನೂರಾರ ವರ್ಷ?” ಅಂದಳು ಅವ್ವ. “ಹಂಗಾರ ನಾ ಸತ್ತ ಎಷ್ಟ ದಿನ ಆತು?”

ಕಾಕಿಗೆ ನಗು ತಡೆಯಲಾಗಲಿಲ್ಲ, ಅವಳ ಹಿಂದೆ ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಎದ್ದು ಹೋಗಿ, ಜಾಲಿ ಟೊಂಗೆ ಸರಿಸಿ, ಪರಟಿಯಲ್ಲಿ ನೀರು ಗೋರಿಕೊಂಡು ಬಂದು ನನ್ನ ಮುಂದೆ ಹಿಡಿದಳು.

“ಕುಡಿ. ಕುಡದ ಹೇಳು, ಇದು ಎಷ್ಟ ವರ್ಷದ ನೀರು?”

ಕುಡಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪ್ರಕಾಶಕರ ಮೇಲೆ ಸಿಟ್ಟು ಬಂತು, ಹೆಡ್‌ಮಿಸ್ಟ್ರೆಸ್ಸರ ಮೇಲೆ ಬಂತು, ಕೊನೆಗೆ ಸರಿಯಾದ ಜಾಗಕ್ಕೆ ಬಂತು, ನನ್ನ ಮೇಲೆ. ಆ ಪಟ್ಟಣಕ್ಕೆ ಆ ಸಾಲು ಸತ್ಯ. ಆದರೆ ಚಿತ್ರದಲ್ಲಿದ್ದವಳು ಆ ಪಟ್ಟಣದವಳಲ್ಲ. ಇದ್ದವಳನ್ನು ಇದ್ದಹಾಗೆ ಹಳೇ ಕಾಲಕ್ಕೆ ಕಳಿಸಿ, ಗೆದ್ದೆ ಎಂದು ಕಾಲು ಚಾಚಿ ಮಲಗಿ ಬಂದಿದ್ದೆ. ಸಾಲದ್ದಕ್ಕೆ ನಾಲ್ಕು ತಾಲ್ಲೂಕಿನಲ್ಲಿ ಹಂಚಿದ್ದೆ.

“ನೀ ಮಾಸ್ತರ ಹೌದಿಲ್ಲೋ?” ಅಂದಳು ಅವ್ವ.

“ಹೌದು.”

“ಹುಡುಗ್ರು ತಪ್ಪ ಬರದ್ರ ಏನ ಮಾಡ್ತಿ?”

“ತಿದ್ದತೇನಿ.”

“ಮತ್ತ ತಿದ್ದು, ಹೋಗು.” ಪರಟಿಯನ್ನು ವಾಪಸು ತೆಗೆದುಕೊಂಡು ಹೋಗಿ ಬೋರಲು ಹಾಕಿ ಬಂದಳು.

ಮರುದಿನವೇ ಇಂಡಿಗೆ ಹೋದೆ. ಪೇಟೆಯಲ್ಲಿ ಒಂದು ಶೀಸೆ ಕೆಂಪು ಮಸಿ ಕೊಂಡು ಸಾಲಿಗೆ ನುಗ್ಗಿದೆ. ನಾಲ್ಕು ಪ್ರತಿಯಲ್ಲೂ ‘ನೂರಾರು ವರ್ಷಗಳ ಹಿಂದೆ’ ಎಂಬುದನ್ನು ಹೊಡೆದು, ಮೇಲೆ ನನ್ನ ಮುದ್ದಾದ ಅಕ್ಷರದಲ್ಲಿ ‘ಇವತ್ತು ಮುಂಜಾನೆ’ ಎಂದು ಬರೆದೆ. ಕೊನೆಯ ಸಾಲನ್ನು ಪೂರಾ ಹೊಡೆದೆ. ಹೀಗೇ ಸಿಂದಗಿ, ಹೀಗೇ ಮುದ್ದೇಬಿಹಾಳ. ಮುದ್ದೇಬಿಹಾಳದಲ್ಲಿ ಹೆಡ್‌ಮಾಸ್ತರರು ನನ್ನ ಕೈ ಹಿಡಿದೇಬಿಟ್ಟರು.

“ಅಚ್ಚಾದ ಪುಸ್ತಕದ ಮ್ಯಾಲ ಗೀಚಾಕತ್ತೀರಲ್ರಿ ಮಾಸ್ತರ! ತಲಿ ನೆಟ್ಟಗೈತೇನ್ರಿ?”

“ಗೀಚೂದಲ್ರಿ, ತಿದ್ದೂದು,” ಅಂದೆ. “ನಿಮ್ಮ ಹುಡುಗ್ರನ್ನ ಕೇಳ್ರಿ, ಕೃಷ್ಣಾ ದಂಡಿಮ್ಯಾಲಿನ ಹಳ್ಳಿಯಿಂದ ಬರೂವ್ರನ್ನ, ಯಾರ ಮನ್ಯಾಗ ವರತಿ ನೀರು ಕುಡೀತಾರ ಅಂತ.” ಅವರು ಕೇಳಿದರು. ಏಳು ಕೈ ಮೇಲೆ ಎದ್ದವು. ಆಮೇಲೆ ಅವರೇ ಮಸಿಯ ಶೀಸೆ ಹಿಡಿದು ನಿಂತರು.

ಬಾಗೇವಾಡಿಯಲ್ಲಿ ತಡವಾಗಿತ್ತು. ಅಲ್ಲಿನ ಮಾಸ್ತರು ಆ ಪುಟವನ್ನು ಆಗಲೇ ಪಾಠ ಮಾಡಿ, ಆ ಸಾಲನ್ನು ಹುಡುಗರಿಂದ ನಕಲು ಬರೆಸಿದ್ದರು. ಹಳ್ಳದ ದಂಡೆಯ ಊರಿನಿಂದ ನಡೆದು ಬರುವ ಒಬ್ಬ ಹುಡುಗಿ ನೋಟುಬುಕ್ಕು ತೋರಿಸಿದಳು. ‘ನೂರಾರು ವರ್ಷಗಳ ಹಿಂದೆ’ ಎಂದು ದುಂಡಗೆ ಬರೆದಿದ್ದಳು.

“ನಿಮ್ಮ ಮನಿಗೆ ನೀರು ಎಲ್ಲಿಂದ ತರ್ತಾರವ್ವ?” ಎಂದು ಕೇಳಿದೆ.

“ಹಳ್ಳದಾಗ ವರತಿ ತೋಡಿ, ಸರ್.”

“ಮತ್ತ ಹಿಂಗ್ಯಾಕ ಬರದಿ?”

“ಪುಸ್ತಕದಾಗ ಐತಲ್ರಿ, ಸರ್,” ಅಂದಳು.

ಅವಳ ನೋಟುಬುಕ್ಕನ್ನೂ ಕೆಂಪು ಮಸಿಯಲ್ಲಿ ತಿದ್ದಿದೆ. ಆ ವರ್ಗದ ನೋಟುಬುಕ್ಕುಗಳನ್ನೆಲ್ಲ ತರಿಸಿ ತಿದ್ದಿದೆ. ಸಂಜೆಯ ಬಸ್ಸು ತಪ್ಪಿತು, ತಪ್ಪಲಿ ಎಂದೆ.

ಹೆಡ್‌ಮಿಸ್ಟ್ರೆಸ್ಸರಿಗೂ ನಡೆದದ್ದನ್ನು ಬರೆದೆ, ಏನೂ ಮುಚ್ಚಿಡದೆ. ಅವರ ಕಾರ್ಡು ಬಂತು. ತಮ್ಮ ಪ್ರತಿಯಲ್ಲಿ ತಾವೇ ತಿದ್ದಿಕೊಂಡಿರುವುದಾಗಿಯೂ, ತಾಯಿಯವರಿಗೆ ತಮ್ಮ ನಮಸ್ಕಾರ ತಿಳಿಸಬೇಕೆಂದೂ ಬರೆದಿದ್ದರು.

ಹತ್ತೊಂಬತ್ತು ಪ್ರತಿ ತಿದ್ದಿ ಮುಗಿಸಿ ಊರಿಗೆ ಬಂದೆ. ಉಳಿದದ್ದು ಮನೆಯದೊಂದು. ಕಟ್ಟೆಯ ಮೇಲೆ ಕೂತು ಶೀಸೆಯ ಬೂಚು ತೆಗೆದಾಗ ಅವ್ವ ಒಳಗಿನಿಂದ ಬಂದು ಪುಸ್ತಕ ಕಿತ್ತುಕೊಂಡಳು.

“ಇದೊಂದ ಹಂಗ ಇರ್ಲಿ.”

“ಸುಳ್ಳೈತಲ್ಲವ್ವ ಅದು?”

“ಇವತ್ತ ಸುಳ್ಳೈತಿ. ನಮ್ಮ ಓಣಿಗೆ ನಳ ಬಂದ ದಿನ ಖರೇ ಆಗ್ತೈತಿ. ನನಗೇನ ನಳ ಬ್ಯಾಡ ಅಂದೇನೇನು? ದಿನಾ ಆರ ಕೊಡ ಹೊತ್ತ ಕುತ್ತಿಗಿ ನಂದು. ಅವತ್ತ ಓದಿ ಹೇಳು ನನಗ.” ಪುಸ್ತಕವನ್ನು ಟ್ರಂಕಿನಲ್ಲಿಟ್ಟು, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ಕೊಡ ತೆಗೆದುಕೊಂಡು ಹೊಳೆಗೆ ಹೋದಳು. ನಾನು ಅವ್ವನ ವರತಿಯನ್ನು ಎಷ್ಟು ಚೆಂದ ಬರೆದಿದ್ದೆ ಎಂದರೆ, ಅದರ ನೀರು ಹೊರುವ ಕುತ್ತಿಗೆಯೊಂದಿದೆ ಎಂಬುದು ನನಗೆ ಆ ದಿನದ ತನಕ ಹೊಳೆದಿರಲಿಲ್ಲ.

ಆ ದಶಕ ಮುಗಿಯುವ ಮೊದಲೇ ಓಣಿಗೆ ನಳ ಬಂತು. ಸುದ್ದಿ ಕೇಳಿ ನಾನೂ ಬಂದಿದ್ದೆ. ಕಾಕಿ ನಳಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು ಬಂತು. ಅವ್ವ ಮೊದಲನೇ ಕೊಡವನ್ನು ಚೆಲ್ಲಿದಳು, ಎರಡನೆಯದನ್ನೂ ಚೆಲ್ಲಿದಳು, ಮೂರನೆಯದನ್ನು ತುಂಬಿಕೊಂಡಳು. ಮನೆಗೆ ಬಂದು ಕೊಡ ಇಳಿಸಿ, ಟ್ರಂಕು ತೆಗೆದು ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕೂತಳು.

“ಈಗ ಓದು.”

ನಾನು ಹನ್ನೊಂದನೇ ಪುಟ ತೆರೆದೆ. “ನೂರಾರು ವರ್ಷಗಳ ಹಿಂದೆ...” ಎಂದು ಶುರು ಮಾಡಿದೆ.

“ತಡಿ ತಡಿ,” ಅಂದಳು ಅವ್ವ. “ಕೆಂಪ ಮಸಿ ಐತೇನು ನಿನ್ನಂತ್ಯಾಕ?”

“ಐತಿ.”

“ಹಂಗಾರ ಅದನ್ನ ಹೊಡಿ,” ಅಂದಳು. “ನಿನ್ನಿ ಮುಂಜಾನಿ ತನಕ, ಅಂತ ಬರಿ.”